ಜಳಕದ ತೊಟ್ಟಿ ಹೊರದ ಚಳಿಗಾಲ

ಸಂಕೇಶ್ವರದ ಸಂತೆ ಮುಗಿಸಿ ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ನಾವು ಮೂವರು ನಿಂತಿದ್ದೆವು. ನಾನು, ನನ್ನ ಮಗಳು, ಬಳೆಯ ಗಂಟು ಎದೆಗವಚಿಕೊಂಡ ಮೊಮ್ಮಗಳು. ಯಾರದೋ ಮದುವೆಗೆಂದು ಬಂದ ಹಲಗೆ ಬಾರಿಸುವವರು ರಸ್ತೆಯ ಬದಿಗೆ ಒಂದು ಹಿಡಿ ಕಣಕಿಗೆ ಬೆಂಕಿ ಹಚ್ಚಿ, ತೊಗಲು ಬಿಗಿಯಾಗಲೆಂದು ಹಲಗೆ ಕಾಸುತ್ತಿದ್ದರು. ಕೂದಲು ಸುಟ್ಟಂಥ, ಹಳೆಯ ತೊಗಲು ಬೆವರಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಸೆರಗಿನ ತುದಿ ಹುಡುಕಿತು, ಅಲ್ಲಿ ಇನ್ನೂ ಹಿಡಿ ಜೋಳ ಕಟ್ಟಿದೆಯೇನೋ ಅನ್ನುವ ಹಾಗೆ.

"ಯಾಕವ್ವಾ, ಏನ್ ಕಳಕೊಂಡಿ?" ಅಂದಳು ಮಗಳು.

ಏನೂ ಇಲ್ಲ, ನಿಮ್ಮಜ್ಜಿ ನೆನಪಾದಳು ಅಂದೆ. ಮನೆಗೆ ಬಂದು ಚಹಾ ಕುಡಿದರೂ ಆ ವಾಸನೆ ಹೋಗಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಅದು ಎರಡನೆಯ ಲಡಾಯಿ ಶುರುವಾಗುವ ಮುಂಚಿನ ಚಳಿಗಾಲ. ನಾನು ಮೂಡಲಗಿಯ ಹೆಣ್ಣು. ಹುಕ್ಕೇರಿ ತಾಲೂಕಿನ ಆ ಊರಿಗೆ ಸೊಸೆಯಾಗಿ ಬಂದು ಆಗಲೇ ಎರಡು ಸುಗ್ಗಿ ಕಂಡಿದ್ದೆ. ನಮ್ಮ ಮನೆಯವರು ಗೋಕಾಕದಲ್ಲಿ ಒಬ್ಬ ವಕೀಲರ ಹತ್ತಿರ ಕಾರಕೂನರಾಗಿದ್ದರು, ಬಿಡುವಾದಾಗ ಬಂದು ಹೋಗುತ್ತಿದ್ದರು. ಮನೆಯಲ್ಲಿ ಮಾವ ಸಂಗಪ್ಪನವರು, ಅತ್ತೆ ನೀಲವ್ವ, ಸಣ್ಣ ನಾದಿನಿ, ನಾನು, ಒಂದು ಜೋಡಿ ಎತ್ತು, ಒಂದು ಚಕ್ಕಡಿ. ಮಾವ ಮಾತಿನ ಮನುಷ್ಯ. ಅತ್ತೆ ಒಂದು ಮಾತಿಗೆ ಹತ್ತು ಸಲ ಬಾಯಿ ಮುಚ್ಚಿಕೊಳ್ಳುವವರು.

ಬೇರೆಯವರಿಗೆ ಚಳಿಗಾಲವೆಂದರೆ ಸೀತನಿಯ ಕಾಲ. ಹೊಲದಲ್ಲೇ ಹಾಲುತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ಕಾಳು ಬಾಯಿಗೆ ಹಾಕಿಕೊಳ್ಳುವ ಕಾಲ. ನಮ್ಮೂರಿಗೆ ಅದು ಸಾಹೇಬರ ಮುಕ್ಕಾಮಿನ ಕಾಲವೂ ಆಗಿತ್ತು. ತಂಪು ಹೊತ್ತಿನಲ್ಲಿ ದೊಡ್ಡ ಸಾಹೇಬರು ಊರೂರು ತಿರುಗಲು ಹೊರಡುವರು. ನಮ್ಮ ಕೆರೆಯ ದಂಡೆಯ ಮಾವಿನ ತೋಪಿನಲ್ಲಿ ಅವರ ಡೇರೆ ಏಳುವುದು. ಅವರಿಗೆ ಕಟ್ಟಿಗೆ, ನೀರು, ಹಾಲು, ಎತ್ತುಗಳಿಗೆ ಮೇವು, ಅವರ ಸಾಮಾನು ಮುಂದಿನ ಮುಕ್ಕಾಮಿಗೆ ಸಾಗಿಸಲು ಚಕ್ಕಡಿ, ಹೊರಲು ಆಳು, ಎಲ್ಲವೂ ಊರಿನವರದೇ. ಕೂಲಿ ಇಲ್ಲ, ಆಗುವುದಿಲ್ಲ ಅನ್ನುವ ಹಾಗೂ ಇಲ್ಲ. ಇದಕ್ಕೆ ನಾವು ಬಿಟ್ಟಿ ಅನ್ನುತ್ತಿದ್ದೆವು. ನಾವು ಹೆಂಗಸರು ಡೇರೆಯ ಮುಂದೆ ಸಾರಿಸಬೇಕು, ಅವರ ಆಳುಗಳಿಗೆ ಹಿಟ್ಟು ಬೀಸಬೇಕು. ತಲೆಹೊರೆ ಮಾತ್ರ ಊರ ಹೊರಗಿನ ಕೇರಿಯವರ ಪಾಲು.

ಬಿಟ್ಟಿಗೆ ಕರೆ ಬರುತ್ತಿದ್ದುದು ಹಲಗೆಯ ಮೇಲೆ. ಕೇರಿಯ ಯಲ್ಲಪ್ಪ ಬೇವಿನ ಕಟ್ಟೆಯ ಕೆಳಗೆ ಹಲಗೆ ಕಾಸಿ, ಓಣಿ ಓಣಿ ಬಾರಿಸುತ್ತ, ಮನೆಗೊಬ್ಬ ಆಳು ಬರಬೇಕು, ಚಕ್ಕಡಿ ಇದ್ದವರು ಚಕ್ಕಡಿ ಹೂಡಬೇಕು ಎಂದು ಸಾರುತ್ತಿದ್ದ. ಹಾಗೆ ಸಾರುವ ಸೇವೆಗಾಗಿ ಅವನ ಹಿರಿಯರ ಕಾಲದಿಂದ ಹಳ್ಳದ ದಂಡೆಯಲ್ಲಿ ಒಂದು ತುಂಡು ಉಂಬಳಿ ಹೊಲವಿತ್ತು. ಹಲಗೆ ಬಾರಿಸುವವರೆಗೆ ಹೊಲ ಅವನದು.

ಅದರ ಹಿಂದಿನ ವರ್ಷದ ಒಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಸಾಹೇಬರಿಗೆ ದಿನಾ ಬಿಸಿನೀರಿನ ಜಳಕ ಬೇಕು. ಅದಕ್ಕೆಂದು ಒಂದು ತಗಡಿನ ತೊಟ್ಟಿ ಅವರ ಸಂಗಡ ಊರೂರು ತಿರುಗುತ್ತಿತ್ತು. ಮನುಷ್ಯ ಕಾಲು ಚಾಚಿ ಕೂಡುವಷ್ಟು ಉದ್ದ. ಚಕ್ಕಡಿಗೆ ಹೇರಿದರೆ ನೆಗ್ಗುತ್ತದೆಂದು ತಲೆಯ ಮೇಲೆಯೇ ಹೊರಿಸುತ್ತಿದ್ದರು. ಆ ವರ್ಷ ಗಂಡಸರೆಲ್ಲ ಬೇರೆ ಹೊರೆಯ ಕೆಳಗೆ ಸಿಕ್ಕಿದ್ದರು. ಸಿಪಾಯಿ ತೊಟ್ಟಿಯನ್ನು ಯಲ್ಲಪ್ಪನ ಹೆಂಡತಿ ದುರ್ಗವ್ವನ ತಲೆಗೆ ಏರಿಸಿದ. ಅವಳು ಆರು ತಿಂಗಳ ಬಸುರಿ. ಮುಂದಿನ ಮುಕ್ಕಾಮಾದ ಕಣಗಲಾದವರೆಗೆ ಹೊತ್ತಳು. ತಿರುಗಿ ಬರುವ ದಾರಿಯಲ್ಲಿ ಕೂಸು ಹೋಯಿತು. ಊರಿನ ಎಲ್ಲ ಕೂಸುಗಳನ್ನು ಹಿಡಿದ ಸೂಲಗಿತ್ತಿ ಸಾವಕ್ಕ, ದುರ್ಗವ್ವನ ಅತ್ತೆ, ತನ್ನ ಮೊಮ್ಮಗುವನ್ನು ಹಳ್ಳದ ದಂಡೆಯಲ್ಲಿ ತಾನೇ ಮಣ್ಣು ಮಾಡಿದಳು. ಆ ಸುದ್ದಿ ಬಂದ ದಿನ ನಮ್ಮ ಅತ್ತೆ ಊಟಕ್ಕೆ ಕೂಡಲಿಲ್ಲ. ಯಾಕೆಂದು ಹೇಳಲೂ ಇಲ್ಲ.

ನಮ್ಮ ಮನೆಯವರು ಈ ಕತೆಯನ್ನು ಗೋಕಾಕದ ವಕೀಲರಿಗೆ ಹೇಳಿದರಂತೆ. ದೀಪಾವಳಿ ಕಳೆದ ಮೇಲೆ ವಕೀಲರು ಅವರ ಜೋಡಿ ನಮ್ಮೂರಿಗೆ ಬಂದರು. ತೆಳ್ಳನೆಯ ಮನುಷ್ಯ, ಮಾತಾಡುವಾಗ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುವ ಚಟ.

ಬಸವಣ್ಣನ ಗುಡಿಯ ಪೌಳಿಯಲ್ಲಿ ಸಭೆ ಸೇರಿತು. ಕಂಬಳಿಯ ಮೇಲೆ ವಕೀಲರು, ಅವರ ಮಗ್ಗುಲಿಗೆ ಮಾವ, ಸುತ್ತಲೂ ಚಕ್ಕಡಿ ಇದ್ದ ರೈತರು, ಮೆಟ್ಟಿಲ ಹತ್ತಿರ ಪಿಂಜಾರ ಹುಸೇನ ಕಾಕಾ. ಅರಳೆ ಹಿಂಜಿ ಗಾದಿ ಮಾಡಿಕೊಡುವ ಮನುಷ್ಯ ಅವರು, ಊರಿಗೆಲ್ಲ ಕಾಕಾ. ನಾನು, ಇನ್ನಿಬ್ಬರು ಸೊಸೆಯರು ಚಹಾದ ಕಪ್ಪು ಹಿಡಿದು ಕಂಬದ ಹಿಂದೆ ನಿಂತಿದ್ದೆವು. ಬಿಟ್ಟಿ ಮಾಡಲೇಬೇಕೆಂದು ಯಾವ ಕಾಯಿದೆಯಲ್ಲೂ ಇಲ್ಲ, ಕೂಲಿ ಕೊಡದೆ ದುಡಿಸುವುದು ಅನ್ಯಾಯ, ಆದರೆ ಒಬ್ಬೊಬ್ಬರೇ ಬೇಡ ಅಂದರೆ ಬೆನ್ನು ಮುರಿಯುತ್ತಾರೆ, ಒಂದು ಸಂಘ ಇರಲಿ ಎಂದು ವಕೀಲರು ತಿಳಿಸಿ ಹೇಳಿದರು. ಎಲ್ಲರೂ ತಲೆದೂಗಿದರು. ಮಾವ ಅಧ್ಯಕ್ಷರಾದರು. ಬಿಟ್ಟಿ ನಿವಾರಣ ಸಂಘ ಎಂದು ಹೆಸರಾಯಿತು. ಮೊದಲನೆಯ ಠರಾವು, ಅಂದರೆ ನಿರ್ಣಯ, ಏನಿರಬೇಕು ಎಂದು ಕೇಳಿದಾಗ ಒಬ್ಬರು, ಬಿಟ್ಟಿಗೆ ಕರೆಯುವ ಹಲಗೆಯೇ ಬಾರಿಸಬಾರದು ಅಂದರು. ಕರೆಯೇ ಇಲ್ಲವೆಂದ ಮೇಲೆ ಹೋಗುವವರು ಯಾರು? ಎಷ್ಟು ಸರಳವಾಗಿತ್ತು ನೋಡಿ. ಎಲ್ಲರೂ ಸಂತೋಷದಿಂದ ಕೈ ಎತ್ತಿದರು. ಕಪ್ಪು ಹಿಡಿದ ನಾನೂ ಕೈ ಎತ್ತಬೇಕೆನ್ನುವಷ್ಟು ಹಿಗ್ಗಿದೆ.

ಆಗ ಪೌಳಿಯ ಗೋಡೆಯ ಆಚೆಯಿಂದ ಯಾರೋ ಕೆಮ್ಮಿದರು. ಯಲ್ಲಪ್ಪ. ಗುಡಿಯ ಒಳಗೆ ಬರುವ ಹಾಗಿಲ್ಲವಲ್ಲ, ಮೊದಲಿನಿಂದಲೂ ಗೋಡೆಗೆ ಆತು ನಿಂತು ಕೇಳುತ್ತಿದ್ದ.

"ಯಜಮಾನ್ರ, ಒಂದ ಮಾತ ಕೇಳ್ಲೇನ್ರಿ?"

ಕೇಳು ಅಂದರು ಮಾವ.

"ಹಲಗಿ ಯಾರದ್ರಿ?"

ಮಾವ ವಕೀಲರ ಕಡೆ ನೋಡಿದರು.

"ಹಲಗಿ ನಂದು. ಅದರ ಮ್ಯಾಲಿನ ಉಂಬಳಿ ಹೊಲ ನಂದು. ನಾ ಬಾರಸಲಿಲ್ಲಂದ್ರ ಆ ಹೊಲ ಗೌಡ್ರು ಕಸಗೋತಾರ. ನಿಮ್ಮ ಎತ್ತು ಉಳೀತಾವು, ಚಕ್ಕಡಿ ಉಳೀತಾವು. ನನ್ನ ಕೈ ಕಟ್ಟಿ ನಿಮ್ಮ ಬೆನ್ನ ಉಳಿಸ್ಕೊಳ್ಳೂ ಸಂಘ ಏನ್ರಿ ಇದು?"

ಒಬ್ಬ ರೈತ, ನಿನ್ನ ಹೆಂಡತಿಯ ಸಲುವಾಗಿಯೇ ಅಲ್ಲವೇ ಇದೆಲ್ಲ ಮಾಡುತ್ತಿರುವುದು ಅಂದ.

"ಖರೆ ಐತ್ರಿ. ಹಂಗಾರ ಒಂದ ಮಾತ ಕೇಳಬೇಕಿತ್ತು, ಅಷ್ಟ."

ಗೋಡೆಯ ಆಚೆ ಅವನ ಹೆಜ್ಜೆ ದೂರವಾಗುವುದು ಕೇಳಿಸಿತು. ವಕೀಲರು ಕನ್ನಡಕ ಒರೆಸುತ್ತಲೇ ಇದ್ದರು. ಹಲಗೆಯ ವಿಷಯ ಠರಾವು ಮಾಡಿದವರು ಹಲಗೆಯವನನ್ನು ಕರೆಯಲು ಬಾರದ ಜಾಗದಲ್ಲಿ ಕೂತಿದ್ದರು. ಅದು ಅಷ್ಟೂ ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಚಹಾ ಆರಿತು. ಸಭೆ ಮುಗಿಯಿತು ಎಂದು ಯಾರೂ ಹೇಳಲಿಲ್ಲ, ಒಬ್ಬೊಬ್ಬರೇ ಎದ್ದು ಹೋದರು.

ಸಂಜೆಯೊಳಗೆ ಗೌಡರಿಗೆ ಸುದ್ದಿ ಮುಟ್ಟಿತು. ಊರ ಗೌಡರು ನಮ್ಮ ಅತ್ತೆಯ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ಅತ್ತೆಗಿಂತ ಸಣ್ಣವರು. ಸಾಹೇಬರ ಮುಕ್ಕಾಮು ಚೆಂದಾಗಿ ನಡೆಸಿಕೊಡುವುದರ ಮೇಲೆ ಅವರ ಮಾನವೆಲ್ಲ ನಿಂತಿತ್ತು. ಚಾವಡಿಯಲ್ಲಿ ಕೂತು, ಈ ಸಂಘ ಹುಟ್ಟುವ ಮೊದಲೇ ಹೊಟ್ಟೆಯಲ್ಲಿ ಸತ್ತ ಕೂಸು ಎಂದು ನಕ್ಕರಂತೆ. ಆ ಮಾತು ಹಾಗೆಯೇ ಕೇರಿಗೂ ಹೋಯಿತು.

ಮರುದಿನ ಮುಂಜಾನೆ ಸಾವಕ್ಕ ನಮ್ಮ ಹಿತ್ತಲಿಗೆ ಮಜ್ಜಿಗೆಗೆ ಬಂದಳು. ಅತ್ತೆ ಎಂದಿನಂತೆ ಚೆಂಬು ಎತ್ತಿ ಹಿಡಿದು, ತಾಗದ ಹಾಗೆ ಮೇಲಿನಿಂದ ಹೊಯ್ದರು. ಸಾವಕ್ಕ ಗಡಿಗೆ ಹಿಡಿದವಳು ಏಳಲಿಲ್ಲ.

"ನೀಲವ್ವಾ, ನಿನ್ನ ಮಗ ಭೂಮಿಗೆ ಬಿದ್ದಾಗ ಎಲ್ಲಾರಿಗಿಂತ ಮದಲ ಮುಟ್ಟಿದ್ದು ಈ ಕೈ. ನಿನಗಿಂತಲೂ ಮದಲ. ಆವತ್ತ ಮೈಲಿಗಿ ಎಲ್ಲಿ ಹೋಗಿತ್ತವ್ವಾ?"

ಅತ್ತೆ ಚೆಂಬು ಕೆಳಗಿಟ್ಟರು.

"ಇರ್ಲಿ, ಅದನ್ನ ಕೇಳಾಕ ಬಂದಿಲ್ಲ. ದುರ್ಗವ್ವ ಮತ್ತ ಬಸರಾಗ್ಯಾಳ. ಪುಷ್ಯಮಾಸದಾಗ ದಿನ ತುಂಬತಾವು. ಮುಕ್ಕಾಮೂ ಆವಾಗನ ಬರತೈತಿ. ನಿನ್ನ ಗಂಡಗ ಹೇಳು, ಸಂಘ ಇದ್ರ ಇರ್ಲಿ, ಇಲ್ಲಂದ್ರ ಬಿಡ್ರಿ. ನಡಕ ಕೈ ಬಿಡಬ್ಯಾಡ್ರಿ."

ಇಷ್ಟು ಹೇಳಿ ಎದ್ದು ಹೋದಳು. ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಲೆಕ್ಕವೇ ಇರಲಿಲ್ಲ. ಪುಷ್ಯಮಾಸ ಬರುವುದರೊಳಗೆ ಊರು ಒಂದಾಗುತ್ತದೋ ಇಲ್ಲವೋ, ದುರ್ಗವ್ವನ ತಲೆಗೆ ಮತ್ತೆ ತೊಟ್ಟಿ ಏರುತ್ತದೋ ಇಲ್ಲವೋ, ಅದೊಂದೇ.

ಎರಡನೆಯ ಸಭೆಗೆ ಜಾಗ ಎಲ್ಲಿ ಎಂಬುದೇ ದೊಡ್ಡ ಪೇಚಾಯಿತು. ಗುಡಿಗೆ ಕೇರಿಯವರು ಬರುವ ಹಾಗಿಲ್ಲ, ಕೇರಿಗೆ ರೈತರು ಹೋಗುವವರಲ್ಲ. ಹುಸೇನ ಕಾಕಾ ಬಂದು, "ನನ್ನ ಅಂಗಳಕ್ಕ ಬರ್ರಿ ಸಂಗಪ್ಪಾ. ಅಲ್ಲಿ ಮೈಲಿಗಿ ಇಲ್ಲ, ಬರೇ ಅರಳಿ ಐತಿ" ಅಂದರು.

ನಾವೂ ಹೋದೆವು, ಈ ಸಲ ಕಂಬದ ಹಿಂದೆ ನಿಲ್ಲಲಿಲ್ಲ, ಬಾಗಿಲಲ್ಲಿ ಕೂತೆವು. ಸೂರಿಗೆ ಅರಳೆ ಹಿಂಜುವ ಬಿಲ್ಲು ತೂಗುಹಾಕಿತ್ತು. ಯಲ್ಲಪ್ಪ ಮತ್ತು ಕೇರಿಯ ಹಿರಿಯರು ಒಳಗೆ ಬಂದು ಕೂತದ್ದನ್ನು ನೋಡಿ ಕೆಲವು ರೈತರು ಬಾಗಿಲಿನಿಂದಲೇ ತಿರುಗಿದರು. ಕಾಕಾ ಅವರ ಹಿಂದೆ, "ಚಳಿ ಐತಿ, ಗಾದಿ ಬೇಕಾದ್ರ ಬರ್ರಿ ಮತ್ತ" ಎಂದು ಕೂಗಿ ನಗಿಸಿದರು. ಮಾವನೂ ಎದ್ದು ಹೋಗುವರೇನೋ ಎಂದು ನಾನು ಅವರನ್ನೇ ನೋಡುತ್ತಿದ್ದೆ. ದಿನಾ ಮುಂಜಾನೆ ವಚನ ಹೇಳುತ್ತ ಲಿಂಗಪೂಜೆ ಮಾಡುವ ಮನುಷ್ಯ, ಅಷ್ಟೇ ಕಟ್ಟುನಿಟ್ಟಾಗಿ ಕೇರಿಯವರ ನೆರಳು ತಪ್ಪಿಸುವ ಮನುಷ್ಯ. ಮೊದಲು ಅಂಚಿಗೆ ಕೂತಿದ್ದರು. ಆಮೇಲೆ ಎದ್ದು ಬಂದು ಯಲ್ಲಪ್ಪನ ಎದುರಿಗೆ ಕೂತರು.

"ಯಲ್ಲಪ್ಪಾ, ಅವತ್ತ ನಾವು ತಪ್ಪ ಠರಾವ ಮಾಡಿದ್ವಿ. ಹಲಗಿ ಬಾರಸೂದು ನಿನ್ನ ಕೆಲಸ, ನೀ ಬಾರಸು. ಬರದ ಇರೂದು ನಮ್ಮ ಕೆಲಸ."

ಯಲ್ಲಪ್ಪ ಮಾವನ ಮುಖ ನೋಡಿದ. "ಇದು ಆಗೂ ಮಾತು" ಅಂದ.

ಆಣೆ ಯಾವುದರ ಮೇಲೆ ಮಾಡಬೇಕೆಂದು ಮತ್ತೆ ಚರ್ಚೆ. ವಿಭೂತಿ ಅಂದರೆ ಒಬ್ಬರಿಗಾಗುವುದಿಲ್ಲ, ದೇವಿಯ ಭಂಡಾರ ಅಂದರೆ ಇನ್ನೊಬ್ಬರಿಗೆ, ಕುರಾನು ಅಂದರೆ ಉಳಿದವರಿಗೆ. ಕಾಕಾನ ಹೆಂಡತಿ ಒಳಗಿನಿಂದ ಒಂದು ಖಾಲಿ ಗಡಿಗೆ ತಂದಿಟ್ಟು, ಜೋಳ ಎಲ್ಲರ ಹೊಟ್ಟೆಗೂ ಒಂದೇ ಅಂದಳು. ಹಾಗೆ ಗೊತ್ತಾಯಿತು. ಮನೆಗೊಂದು ಹಿಡಿ ಜೋಳ ಗಡಿಗೆಗೆ ಹಾಕಿ, ಬಿಟ್ಟಿಗೆ ಹೋಗುವುದಿಲ್ಲ ಅನ್ನಬೇಕು. ಆಮೇಲೂ ದಿನಾ ಬೀಸಲು ಕೂಡುವಾಗ ಒಂದು ಹಿಡಿ ತೆಗೆದಿಟ್ಟು, ವಾರಕ್ಕೊಮ್ಮೆ ಸೆರಗಿನಲ್ಲಿ ಕಟ್ಟಿ ಒಯ್ದು ಅದೇ ಗಡಿಗೆಗೆ ಸುರಿಯಬೇಕು. ಸಂಘದ ಸಲುವಾಗಿ ಯಾರ ಹೊಟ್ಟೆಗೆ ಪೆಟ್ಟು ಬಿದ್ದರೂ ಆ ಜೋಳ ಅವರಿಗೆ. ಕೇರಿಯ ಕಾಳು, ಓಣಿಯ ಕಾಳು ಕೂಡಿದರೆ ಹೇಗೆ ಎಂದು ಒಬ್ಬರು ಗೊಣಗಿದರು. ಕಾಳಿಗೆ ಮೈಲಿಗೆ ಇಲ್ಲ ಎಂದು ಮಾವ ಸಮಾಧಾನ ಹೇಳಿದರು.

"ಕಾಳಿಗೆ ಇಲ್ಲ, ಖರೆ ರಿ" ಅಂದ ಯಲ್ಲಪ್ಪ, ತನ್ನ ಹಿಡಿ ಗಡಿಗೆಗೆ ಬಿಡುತ್ತ. "ರೊಟ್ಟಿಗೆ ಐತಿ, ನೀರಿಗೆ ಐತಿ. ಇರ್ಲಿ, ಕಾಳಿನಿಂದನ ಸುರು ಮಾಡೂಣು."

ಎಲ್ಲರ ಹಿಡಿಯೂ ಬಿದ್ದ ಮೇಲೆ ಕಾಕಾನ ಹೆಂಡತಿ ಗಡಿಗೆಯ ಬಾಯಿ ಕಟ್ಟಿ ಒಳಗೆ ಒಯ್ದಳು.

ಅತ್ತೆ ಆ ಸಭೆಗೆ ಬಂದಿರಲಿಲ್ಲ. ನಾನು ಬಂದು ಹೇಳಿದಾಗ, ಹೀಗೆ ಕೊಡುತ್ತ ಹೋದರೆ ನಮ್ಮ ನೆಲದೊಳಗಿನ ಹಗೇವಿನ ಜೋಳವೇ ಬರಿದಾಗುತ್ತದೆ ಎಂದು ಬೈದರು. ಆದರೆ ಮರುದಿನ ನಸುಕಿನಲ್ಲಿ ಬೀಸುಕಲ್ಲಿನ ಮಗ್ಗುಲಿಗೆ ಒಂದು ಹಿಡಿ ಜೋಳ ಬೇರೆ ತೆಗೆದಿಟ್ಟಿತ್ತು. ನನ್ನ ಕೈ ಸಣ್ಣದು, ಅದು ನನ್ನ ಹಿಡಿಯಾಗಿರಲಿಲ್ಲ.

ಒಂದು ಸಂಗತಿ ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪಿಂಜಾರರ ಅಂಗಳದಲ್ಲಿ ಕೂತು ಎದ್ದರೆ ಮೈಗೆ ಅರಳೆಯ ಎಳೆ ಅಂಟದೆ ಇರುತ್ತದೆಯೇ? ರುಮಾಲಿಗೆ, ಕರಿ ಕಂಬಳಿಗೆ, ಮೀಸೆಗೆ ಕೂಡ. ಗೌಡರು ಚಾವಡಿಯ ಕಟ್ಟೆಯ ಮೇಲೆ ಕೂತು, ಸಂಘಕ್ಕೆ ಹೋಗಿ ಬಂದವರು ಯಾರೆಂದು ಸುಮ್ಮನೆ ಕಣ್ಣಿನಿಂದಲೇ ಎಣಿಸಿಕೊಂಡರು. ಅಂಜುವವರು ಓಣಿಯ ತಿರುವಿನಲ್ಲಿ ನಿಂತು ಒಬ್ಬರ ಬೆನ್ನನ್ನು ಒಬ್ಬರು ಜಾಡಿಸಿಕೊಂಡು ಮನೆಗೆ ಹೋಗತೊಡಗಿದರು. ಮಾವ ಮಾತ್ರ ಜಾಡಿಸಲಿಲ್ಲ. ಒಂದು ದಿನ ಗೌಡರು, "ಏನ್ ಮಾವಾ, ತಲಿ ಭಾಳ ನೆರತೈತಲ್ಲಾ?" ಎಂದು ಕುಟುಕಿದರು.

"ಹೌದಪಾ, ಬುದ್ಧಿ ಈಗ ಬರಾಕತ್ತೈತಿ" ಅಂದರು ಮಾವ.

ಮಾತಿನ ಮಟ್ಟಿಗೆ ಇದು ಚೆಂದ. ಆದರೆ ಗೌಡರು ಮಾತಿನಲ್ಲಿ ನಿಲ್ಲುವವರಲ್ಲ. ಹುಸೇನ ಕಾಕಾಗೆ ಯಾರೂ ಹಿಂಜಲು ಅರಳೆ ಕೊಡಬಾರದು ಎಂದು ಹೇಳಿಸಿದರು. ಗಾದಿ ಹೊಲಿಸುವ ಚಳಿಗಾಲವೇ ಪಿಂಜಾರರ ಸುಗ್ಗಿ. ದಿನವಿಡೀ ಟಂಯ್ ಟಂಯ್ ಅನ್ನುತ್ತಿದ್ದ ಆ ಬಿಲ್ಲು ಸುಮ್ಮನಾಯಿತು. ಊರಿನ ಕಿವಿಗೆ ಅದು ಗೊತ್ತಾಗುತ್ತಿತ್ತು, ನೋಡಿ, ಸದ್ದು ನಿಂತದ್ದು. ಸಂಘದಿಂದ ಒಬ್ಬೊಬ್ಬರೇ ಜಾರತೊಡಗಿದರು. ಒಬ್ಬನಿಗೆ ಮಗಳ ಲಗ್ನ, ಇನ್ನೊಬ್ಬನಿಗೆ ಗೌಡರಿಂದ ಪಾಲಿಗೆ ಹಿಡಿದ ಕೋರಿನ ಹೊಲ. ಮಾವ ಅನ್ನ ಬಿಟ್ಟು ಏಳುವರು, ಅಂಗಳದಲ್ಲಿ ತಿರುಗುವರು, ಮತ್ತೆ ಕೂಡುವರು. ನಾವು ಮುಕ್ಕಾಮಿನ ದಿನ ಕೈ ಕೊಟ್ಟರೆ ಯಲ್ಲಪ್ಪನ ಗತಿ ಏನು ಎಂದು ನಮ್ಮ ಮನೆಯವರಿಗೆ ಕಾಗದ ಬರೆಸಿದರು. ಅವರೂ ವಕೀಲರೂ ಕೂಡಿ ಬೆಳಗಾವಿಗೆ ಒಂದು ಅರ್ಜಿ ಕಳಿಸಿದ್ದರು. ಅದಕ್ಕೆ ಜವಾಬು ಬಂದಿರಲಿಲ್ಲ.

ಆ ವಾರ ಒಂದು ಮುಂಜಾನೆ ಅತ್ತೆ ನಡುಮನೆಯಲ್ಲಿ ಕೂತು, ತಮ್ಮ ತವರಿನಿಂದ ಬಂದ ಒಳ್ಳೆಯ ಗಾದಿಯ ಹೊಲಿಗೆ ಬಿಚ್ಚುತ್ತಿದ್ದರು. ಇನ್ನೂ ಗಟ್ಟಿಮುಟ್ಟಾದ ಗಾದಿ. ಯಾಕೆ ಅತ್ತಿ ಎಂದು ಕೇಳಿದೆ.

"ಅರಳಿ ಗಂಟಾಗೇತಿ. ಹುಸೇನಗ ಕೊಟ್ಟ ಬಾ."

ಗಂಟೂ ಆಗಿರಲಿಲ್ಲ, ಏನೂ ಆಗಿರಲಿಲ್ಲ. ನಾನು ಹಗಲು ಹೊತ್ತಿನಲ್ಲಿ ಆ ಅರಳೆಯ ದೊಡ್ಡ ಗಂಟನ್ನು ತಲೆಯ ಮೇಲಿಟ್ಟುಕೊಂಡು ಚಾವಡಿಯ ಮುಂದೆಯೇ ಹಾದುಹೋದೆ. ಹೊತ್ತು ಇಳಿಯುವಾಗ ಬಿಲ್ಲಿನ ಸದ್ದು ಶುರುವಾಯಿತು. ಮರುದಿನ ನೆರೆಮನೆಯವಳೂ ಒಂದು ಗಾದಿ ಬಿಚ್ಚಿದಳು. ಅದರ ಮರುದಿನ ಇನ್ನೊಬ್ಬಳು. ಗಂಡಸರ ಸಂಘ ಜಾರುತ್ತಿತ್ತು, ಹೆಂಗಸರ ಗಾದಿ ಅದನ್ನು ಹಿಡಿದು ನಿಲ್ಲಿಸಿತು ಎಂದು ಮಾವ ಆಮೇಲೆ ಬಹಳ ಸಲ ಹೇಳುತ್ತಿದ್ದರು.

ಪುಷ್ಯಮಾಸ ಬಂತು. ಒಂದು ಸಂಜೆ ಬೇವಿನ ಕಟ್ಟೆಯ ಕಡೆಯಿಂದ ಕಾಸಿದ ತೊಗಲಿನ ವಾಸನೆ ಓಣಿಗೆ ಬಂತು. ನಾನು ದೀಪದ ಗಾಜು ಒರೆಸುತ್ತಿದ್ದೆ, ಕೈ ನಿಂತಿತು. ಯಲ್ಲಪ್ಪನ ಹಲಗೆ ಮೇಲಿನ ಓಣಿಯಿಂದ ಇಳಿದು ನಮ್ಮ ಮನೆಯ ಮುಂದೆ ಬಂತು. ಪೆಟ್ಟಿನಲ್ಲಿ ಒಂದು ಚೂರೂ ಹೆಚ್ಚುಕಡಿಮೆ ಇಲ್ಲ. ಸಾಹೇಬರ ಮುಕ್ಕಾಮು ಬರುತ್ತದೆ, ಮನೆಗೊಂದಾಳು, ಚಕ್ಕಡಿ ಇದ್ದವರು ಚಕ್ಕಡಿ, ಎಂದು ಹೇಳಬೇಕಾದ್ದನ್ನೆಲ್ಲ ನೆಟ್ಟಗೆ ಹೇಳಿದ. ಮಾವ ಕಟ್ಟೆಯ ಮೇಲೆ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸಾರುವ ಕೆಲಸ ಅವನು ಮುಗಿಸಿದ್ದ. ಉಳಿದದ್ದು ನಮ್ಮದು.

ಡೇರೆ ಎದ್ದಿತು. ಹಿಂದಿನ ಊರಿನ ಚಕ್ಕಡಿಗಳು ಸಾಮಾನು ಇಳಿಸಿ ಹೋದವು. ತಗಡಿನ ತೊಟ್ಟಿಯೂ ಬಂದಿತ್ತು. ನಮ್ಮೂರಿನಿಂದ ಒಬ್ಬರೂ ಹೋಗಲಿಲ್ಲ. ನೀರು, ಕಟ್ಟಿಗೆಯನ್ನು ಗೌಡರು ತಮ್ಮ ಮನೆಯ ಆಳುಗಳಿಂದ ಹೇಗೋ ನಡೆಸಿದರು. ಜನ ಬಾಗಿಲು ಹಾಕಿಕೊಂಡು ಅಡಗಲಿಲ್ಲ, ಹಾಗೆ ಮಾಡಬಾರದೆಂದು ಮೊದಲೇ ಮಾತಾಗಿತ್ತು. ಎಲ್ಲರೂ ತಮ್ಮ ತಮ್ಮ ಕಟ್ಟೆಯ ಮೇಲೆ ಕೂತಿದ್ದರು. ಚಕ್ಕಡಿ ಇದ್ದವರು ಗಾಲಿಯ ಕಡಾಣಿ ಕಿತ್ತು ಹುಸೇನ ಕಾಕಾನ ಮನೆಯ ಜೋಳದ ಗಡಿಗೆಯೊಳಗೆ ಹುಗಿದಿಟ್ಟಿದ್ದರು. ಕಡಾಣಿ ಇಲ್ಲದ ಚಕ್ಕಡಿ ಹೂಡಿದರೆ ನಾಲ್ಕು ಹೆಜ್ಜೆಗೆ ಗಾಲಿ ಕಳಚುತ್ತದೆ.

ಡೇರೆ ಕಿತ್ತು ಕಣಗಲಾಕ್ಕೆ ಹೊರಡುವ ದಿನ ನಿಜವಾದ ಪರೀಕ್ಷೆ. ಮುಂಜಾನೆ ಗೌಡರು ಸಿಪಾಯಿಗಳನ್ನು ಕರೆದುಕೊಂಡು ನಮ್ಮ ಓಣಿಗೆ ಬಂದರು. ಚಕ್ಕಡಿಗಳನ್ನು ನೋಡಿದರು, ಗಾಲಿಗಳನ್ನು ನೋಡಿದರು. ನಮ್ಮ ಮಾವನಿಗೆ ಬೈಯುತ್ತಾರೆಂದು ನಾನು ಕಾದೆ, ಬೈಯಲಿಲ್ಲ. ತಿರುಗಿ ನೆಟ್ಟಗೆ ಕೇರಿಯ ದಾರಿ ಹಿಡಿದರು. ಕೇರಿಯ ಮೇಲೆ ಕೈ ಮಾಡಿದರೆ ಓಣಿಯವರು ಕಟ್ಟೆ ಬಿಟ್ಟು ಏಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಕೇರಿಯಿಂದ ಕೂಗು ಕೇಳಿಸಿತು. ಮಾವ, ಇತರ ರೈತರು ಎದ್ದರು, ನಡೆದರು, ಕೇರಿಯ ಅಂಚಿನ ಜಾಲಿಯ ಗಿಡದವರೆಗೆ ಹೋಗಿ ನಿಂತರು. ಅಲ್ಲಿಂದ ಮುಂದೆ ಅವರಲ್ಲಿ ಒಬ್ಬರೂ ಎಂದೂ ಕಾಲಿಟ್ಟವರಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟರು.

"ನಡಿ ಗಂಗವ್ವ" ಅಂದರು ನನಗೆ.

ಜಾಲಿಯ ಗಿಡದ ಹತ್ತಿರ ಮಾವ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಅವರ ಕಡೆ ನೋಡದೆ ಹಾದುಹೋದರು. ನಾನು ಅವರ ನೆರಳು ತುಳಿಯುತ್ತ ಹೋದೆ. ಗುಡಿಸಲಿನ ಮುಂದೆ ಒಬ್ಬ ಸಿಪಾಯಿ ಯಲ್ಲಪ್ಪನ ಕುತ್ತಿಗೆಯ ಅರಿವೆ ಹಿಡಿದಿದ್ದ, ಅವನ ತುಟಿ ಒಡೆದಿತ್ತು. ನಾನು ಸಾರುವುದು ಸಾರಿದ್ದೇನೆ, ನನ್ನ ಸೇವೆ ಮುಗಿಯಿತು ಎಂದು ಯಲ್ಲಪ್ಪ ಅದೊಂದೇ ಮಾತು ಹೇಳುತ್ತಿದ್ದ. ಇನ್ನೊಬ್ಬ ಸಿಪಾಯಿ ಬಾಗಿಲಲ್ಲಿ ಬಗ್ಗಿ, ಒಳಗಿದ್ದ ದುರ್ಗವ್ವನಿಗೆ ಹೊರಗೆ ಬಾ ಅನ್ನುತ್ತಿದ್ದ. ಅವಳು ದಿನ ತುಂಬಿದ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಗೋಡೆಗೆ ಒರಗಿದ್ದಳು. ಸಾವಕ್ಕ ಅವಳ ಮುಂದೆ ನಿಂತಿದ್ದಳು.

ಅತ್ತೆ ಸಿಪಾಯಿಯನ್ನು ಸರಿದು ನಿಲ್ಲು ಅನ್ನುವ ಹಾಗೆ ನೋಡಿದರು. ಅವನು ಸರಿದ. ಅತ್ತೆ ಹೊಸ್ತಿಲ ಮೇಲೆ ಅಡ್ಡಲಾಗಿ ಕೂತುಬಿಟ್ಟರು.

"ಸಾವಕ್ಕಾ, ನೀರ ಕೊಡು."

ಸಾವಕ್ಕನಿಗೆ ಕೇಳಿಸಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. "ಯವ್ವಾ, ನಮ್ಮ ಮನಿ ನೀರು…"

"ಗೊತ್ತೈತಿ. ಬಾಯಿ ಆರೇತಿ, ಕೊಡು."

ಸಾವಕ್ಕ ಚರಿಗೆಯಲ್ಲಿ ನೀರು ತುಂಬಿ ತಂದಳು. ಅತ್ತೆ ಅವಳ ಕೈಯಿಂದ ಚರಿಗೆ ಇಸಕೊಂಡು, ತುಟಿಗೆ ಹಚ್ಚಿ ಕುಡಿದರು.

"ಅಕ್ಕಾ, ಏನ ಮಾಡಿದಿ ಇದು? ಮನಿತನದ ಹೆಸರ ಕೆಡಿಸಿದಿ" ಅಂದರು ಗೌಡರು. ಅವರ ದನಿ ಇಳಿದಿತ್ತು.

"ನೀರ ಕುಡದೆ, ತಮ್ಮಾ. ನಿನ್ನ ಮಕ್ಕಳನ್ನ ಹಿಡದಾಕಿ ಕೈಯಾಗಿನ ನೀರು." ಚರಿಗೆಯನ್ನು ಮಗ್ಗುಲಿಗೆ ಇಟ್ಟರು. "ಈಗ ಒಳಗ ಹೋಗೂದಿದ್ರ ನನ್ನ ದಾಟಿ ಹೋಗು."

ಬೇರೆ ಊರಿನ ಸಿಪಾಯಿಗಳಿಗೆ ಅದೇನೆಂದು ತಿಳಿಯಲಿಲ್ಲ. ಗೌಡರಿಗೆ ತಿಳಿಯಿತು. ಕೂತ ಅಕ್ಕನನ್ನು ದಾಟುವುದೆಂದರೆ ನಮ್ಮ ಕಡೆ ಅವಳನ್ನು ಹೆಣವೆಂದು ಎಣಿಸಿದ ಹಾಗೆ. ಗೌಡರು ಒಂದು ಹೆಜ್ಜೆ ಮುಂದಿಟ್ಟರು, ನಿಂತರು. ಆಗ ನನ್ನ ಹಿಂದೆ ಸದ್ದಾಯಿತು. ಮಾವ ಜಾಲಿಯ ಗಿಡ ದಾಟಿ ಬರುತ್ತಿದ್ದರು, ರುಮಾಲಿನ ಮೇಲೆ ಅರಳೆಯ ಎಳೆ ಹಾಗೆಯೇ. ಅವರ ಹಿಂದೆ ಕಾಕಾ, ಆಮೇಲೆ ಒಬ್ಬೊಬ್ಬರಾಗಿ ರೈತರು, ಸಂಘ ಬಿಟ್ಟು ಜಾರಿದವರಲ್ಲೂ ಕೆಲವರು. ಯಾರೂ ಕೂಗಾಡಲಿಲ್ಲ. ಬಂದವರು ಬಂದಂತೆ ಗುಡಿಸಲಿನ ಮುಂದೆ ನೆಲದ ಮೇಲೆ ಕೂತರು.

ಗೌಡರು ಸಿಪಾಯಿಗೆ ಬಿಡು ಎಂದು ಕೈ ಮಾಡಿದರು. ಅಂಗಳದ ತುಂಬ ಕೂತ ಜನರ ನಡುವೆ ದಾರಿ ಹುಡುಕಿಕೊಂಡು ಹೋದರು.

ಹೊತ್ತು ಇಳಿಯುವಾಗ ಸಂಕೇಶ್ವರದಿಂದ ಬಾಡಿಗೆಯ ಚಕ್ಕಡಿಗಳು ಬಂದವು, ಕೂಲಿ ಗೊತ್ತು ಮಾಡಿಕೊಂಡೇ ಬಂದವು. ಅವರು ಎಲ್ಲ ಹೇರಿದರು, ಆದರೆ ತೊಟ್ಟಿಯನ್ನು ತಲೆಯ ಮೇಲೆ ಹೊರಲು ಒಪ್ಪಲಿಲ್ಲ. ಅದು ಮಾವಿನ ಗಿಡದ ಕೆಳಗೆ ಬೋರಲಾಗಿ ಬಿದ್ದೇ ಉಳಿಯಿತು.

ಗೆದ್ದೆವು ಎಂದು ನಾವು ಕುಣಿಯಲಿಲ್ಲ, ಯಾಕೆಂದರೆ ಪೆಟ್ಟು ಬೀಳುವುದು ಇನ್ನೂ ಇತ್ತು. ಯುಗಾದಿಯ ಹೊತ್ತಿಗೆ ಏನೋ ಒಂದು ನೆವ ತೆಗೆದು ಯಲ್ಲಪ್ಪನ ಉಂಬಳಿ ಹೊಲ ಕಸಿದರು. ನಮ್ಮ ಬೀಗರಲ್ಲಿ ಕೆಲವರು ನಮ್ಮ ಮನೆಯ ನೀರು ಬಿಟ್ಟರು, ನನ್ನ ನಾದಿನಿಯ ಲಗ್ನ ಎರಡು ವರ್ಷ ಮುಂದೆ ಹೋಯಿತು. ಮಠದ ಅಯ್ನೋರು ಬಂದು ಪ್ರಾಯಶ್ಚಿತ್ತ ಮಾಡಿಕೊಳ್ಳಿರಿ ಎಂದಾಗ ಅತ್ತೆ, ಬಾಯಾರಿದ್ದಕ್ಕೆ ಏನು ಪ್ರಾಯಶ್ಚಿತ್ತ ಎಂದು ಕೇಳಿ ಒಳಗೆ ಹೋದರು. ಹಿಡಿ ಜೋಳ ಮಾತ್ರ ನಿಲ್ಲಲಿಲ್ಲ. ಆ ಗಡಿಗೆಯಿಂದಲೇ ಯಲ್ಲಪ್ಪನ ಮನೆ ಬೇಸಿಗೆ ಕಳೆಯಿತು. ಮಳೆ ಬಿದ್ದ ಮೇಲೆ ಸಂಘದವರು ಅವನಿಗೆ ಸರದಿಯಂತೆ ತಮ್ಮ ಹೊಲಗಳಲ್ಲಿ ಪಾಲು ಕೊಟ್ಟರು. ನನ್ನ ತವರಿನ ಕಡೆಯವರು ಮೂಡಲಗಿಯಿಂದ ಬಂದು, ಸಂಘ ಹೇಗೆ ಕಟ್ಟುವುದೆಂದು ಕೇಳಿದರು. ಮಾವ ನಿಯಮಗಳನ್ನೆಲ್ಲ ಹೇಳತೊಡಗಿದರು. ಅತ್ತೆ ನಡುವೆ ಬಾಯಿ ಹಾಕಿ, ಮೊದಲು ಎಲ್ಲರೂ ಕೂಡಲು ಬರುವ ಒಂದು ಅಂಗಳ ಹುಡುಕಿರಿ ಅಂದರು. ಅವರು ಸಂಘದ ಬಗ್ಗೆ ಮಾಡಿದ ಉಪದೇಶ ಅಂದರೆ ಅದೊಂದೇ.

ದುರ್ಗವ್ವ ಆ ಪುಷ್ಯದಲ್ಲಿಯೇ ಹೆತ್ತಳು. ಹೆಣ್ಣು ಕೂಸು. ಸಾವಕ್ಕ ಹಿಡಿದಳು, ನಾನು ಬಿಸಿನೀರು ಕಾಸಿದೆ. ಅತ್ತೆ ಗಡಿಗೆಯ ಜೋಳದ ಹಿಟ್ಟಿನಿಂದ ಅಂಬಲಿ ಮಾಡಿ ತಾವೇ ಒಯ್ದು ಕುಡಿಸಿದರು.

ಮುಂದಿನ ಚಳಿಗಾಲ ಹೊಸ ಸಿಪಾಯಿಯೊಬ್ಬ ನಮ್ಮೂರಿಗೆ ಬಂದ. ಮುಕ್ಕಾಮು ಈ ಸಲ ನೇರ ಕಣಗಲಾದಲ್ಲೇ ಆಗಿತ್ತು. ಹಿಂದಿನ ವರ್ಷ ಬಿಟ್ಟುಹೋದ ತೊಟ್ಟಿ ತರಬೇಕೆಂದು ಅವನಿಗೆ ಹುಕುಂ. ಮಾವಿನ ತೋಪಿನಲ್ಲಿ ಹುಡುಕಿ ಸಿಗದೆ, ಕೇಳಿಕೊಂಡು ಕೇರಿಗೆ ಬಂದ. ನಾನೂ ಅಲ್ಲಿದ್ದೆ. ದುರ್ಗವ್ವ ಎಳೆಬಿಸಿಲಿನಲ್ಲಿ ಮಗಳನ್ನು ಅದೇ ತಗಡಿನ ತೊಟ್ಟಿಯೊಳಗೆ ಕೂಡಿಸಿ ಜಳಕ ಮಾಡಿಸುತ್ತಿದ್ದಳು. ಸರ್ಕಾರಿ ತೊಟ್ಟಿ, ಕೊಡಬೇಕು ಅಂದ ಸಿಪಾಯಿ. ಸಾವಕ್ಕ ಕೂಸನ್ನು ಎತ್ತಿ ಅರಿವೆಯಲ್ಲಿ ಸುತ್ತಿಕೊಂಡಳು. ಯಲ್ಲಪ್ಪ ನೀರು ಚೆಲ್ಲಿ, ತೊಟ್ಟಿಯನ್ನು ಸ್ವಚ್ಛವಾಗಿ ತೊಳೆದು, ಅವನ ಮುಂದೆ ಇಟ್ಟ.

"ಒಯ್ರಿ" ಅಂದ.

ಸಿಪಾಯಿ ಸುತ್ತಲೂ ನೋಡಿದ. ಕೇರಿಯವರು ನಿಂತು ನೋಡುತ್ತಿದ್ದರು. ಯಾರಾದರೂ ಹೊರಲು ಬರುವರೇನೋ ಎಂದು ಕಾದ. ಆಮೇಲೆ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ತೊಟ್ಟಿಯನ್ನು ಬೋರಲು ಮಾಡಿ ತನ್ನ ತಲೆಯ ಮೇಲೆ ಏರಿಸಿಕೊಂಡ, ಕಣಗಲಾದ ದಾರಿ ಹಿಡಿದ.